ಮೀನಿಗಿದ್ದ ಕಾನೂನು

ಲೋಕದಲ್ಲಿ ಏನೇ ಕೆಟ್ಟರೂ ಅದಕ್ಕೆ ನಾನೇ ಕಾರಣ ಎಂಬುದು ನನ್ನ ಅತ್ತೆಯ ಗಟ್ಟಿ ನಂಬಿಕೆ. ಹಾಲು ಒಡೆದರೆ ನಾನು ಪಾತ್ರೆ ಸರಿಯಾಗಿ ತೊಳೆದಿಲ್ಲ. ಬಸ್ಸು ತಪ್ಪಿದರೆ ನಾನು ತಲೆ ಬಾಚಲು ಹೊತ್ತು ಮಾಡಿದೆ. ಅವರ ಮಗನ ಕೂದಲು ಉದುರಿದ್ದೂ ನನ್ನಿಂದಲೇ. ಹಳೆಯ ಫೋಟೋ ತೋರಿಸಿ, "ನೋಡು, ನೀನು ಬರೋಕ್ಮುಂಚೆ ಎಷ್ಟಿತ್ತು" ಎನ್ನುತ್ತಾರೆ. ಇಂಥ ಅತ್ತೆಯ ಕೈ ಕೆಂಪಾಗಿ, ಸುಲಿದು, ಬಿರಿದು, ನೆತ್ತರು ಜಿನುಗಲು ಶುರುವಾದಾಗ ಕಂಪನಿಯ ಡಾಕ್ಟರು ಅದಕ್ಕೂ ನಾನೇ ಕಾರಣ ಎಂದು ತೀರ್ಪು ಕೊಟ್ಟರು. ಅತ್ತೆಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಗಲಾಟೆ ಶುರುವಾದದ್ದು ಅಲ್ಲಿಂದ.

ನಾವಿಬ್ಬರೂ ಒಂದೇ ಕಡೆ ದುಡಿಯುತ್ತಿದ್ದೆವು. ಟೈಲ್ಸ್ ಕಂಪನಿ. ಸಾಧಾರಣ ಟೈಲ್ಸ್ ಅಲ್ಲ, ತಮ್ಮನ್ನು ತಾವೇ ತೊಳೆದುಕೊಳ್ಳುವ ಟೈಲ್ಸ್. ಮೇಲೆ ಒಂದು ಬಿಳಿ ಲೇಪ. ಬೆಳಕು ಬಿದ್ದರೆ ಆ ಲೇಪವೇ ಕೊಳೆಯನ್ನು ತಿಂದು ಹಾಕುತ್ತದೆ. ಗೋಡೆಗೆ ಅಂಟಿಸಿ ಮರೆತುಬಿಡಿ ಎನ್ನುತ್ತಿದ್ದರು. ಆ ಲೇಪದ ಪುಡಿಗೆ ಟೈಟೇನಿಯಂ ಡೈಆಕ್ಸೈಡ್ ಎಂದು ಹೆಸರು. ಅದರ ಮುಂದೆ ಒಂದು ನ್ಯಾನೋ ಬೇರೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಎಂದು ಅರ್ಥವಂತೆ. ಇಷ್ಟುದ್ದದ ಹೆಸರು ಹೇಳುವಷ್ಟರಲ್ಲಿ ಊಟದ ಗಂಟೆ ಹೊಡೆಯುತ್ತಿತ್ತು. ನಾವು ಹಿಟ್ಟು ಎನ್ನುತ್ತಿದ್ದೆವು.

ಹಿಟ್ಟಿನ ಶೆಡ್ಡಿನಲ್ಲಿ ಇದ್ದವರೆಲ್ಲ ಹೆಂಗಸರು. ಮೂಟೆ ಬಿಚ್ಚುವುದು, ಜರಡಿ ಹಿಡಿಯುವುದು, ತೊಟ್ಟಿಯ ನೀರಿಗೆ ಸುರಿದು ಉದ್ದನೆಯ ಕೋಲಿನಿಂದ ತಿರುವುವುದು, ಬ್ರಷ್ಷಿನಿಂದ ಟೈಲ್ಸಿಗೆ ಬಳಿಯುವುದು, ಅಂಚಿಗೆ ಇಳಿದದ್ದನ್ನು ಬೆರಳಿನಿಂದ ಒರೆಸುವುದು. ಅಂಚು ಬ್ಲೇಡಿನಷ್ಟು ಹರಿತ. ಬೆರಳು ಕುಯ್ದುಕೊಳ್ಳದ ದಿನ ಇರಲಿಲ್ಲ. ಒಮ್ಮೆ ಗ್ಲೌಸು ಕೊಟ್ಟಿದ್ದರು. ಅದೇ ಅಂಚಿಗೆ ಸಿಕ್ಕಿ ಹರಿಯಿತು. ಹರಿದದ್ದು ನಮ್ಮ ಅಜಾಗರೂಕತೆ ಎಂದರು. ಮತ್ತೆ ಕೊಡಲಿಲ್ಲ. ಗಾಳಿಗೆ ಹಿಟ್ಟು ಹಾರಿಹೋಗುತ್ತದೆಂದು ಶೆಡ್ಡಿಗೆ ಕಿಟಕಿಯೇ ಇಟ್ಟಿರಲಿಲ್ಲ. ಒಂದು ಮಂಕು ಬಲ್ಬು. ಅದರ ಕೆಳಗೆ ನಾವು. ಹುಬ್ಬು, ರೆಪ್ಪೆ, ಕಿವಿಯ ಮಡಿಕೆ, ಕತ್ತಿನ ಹಿಂಬದಿ, ಎಲ್ಲ ಬೆಳ್ಳಗೆ. ಹೊಸದಾಗಿ ಸೇರಿದವಳೊಬ್ಬಳು ಮೊದಲ ದಿನ ನಮ್ಮನ್ನು ನೋಡಿ, "ಇಲ್ಲೆಲ್ಲ ಬರೀ ಮುದುಕೀರೇ ಇದ್ದಾರಲ್ಲ" ಎಂದಿದ್ದಳು. ಸಂಜೆಯ ಹೊತ್ತಿಗೆ ಅವಳೂ ಮುದುಕಿಯಾಗಿದ್ದಳು.

ಕಂಪನಿಯ ಮ್ಯಾನೇಜರನ್ನು ನಾವು ಏನೂ-ಆಗಲ್ಲ ಸಾಹೇಬರು ಎಂದು ಕರೆಯುತ್ತಿದ್ದೆವು. ಅವರ ಎದುರಿಗಲ್ಲ. ಹಿಟ್ಟು ಮೂಗಿಗೆ ಹೋಯಿತು ಎಂದರೆ, "ಏನೂ ಆಗಲ್ಲ, ಹಲ್ಲುಜ್ಜೋ ಪೇಸ್ಟಲ್ಲೂ ಇದೇ ಇರೋದು." ಕಣ್ಣಿಗೆ ಬಿತ್ತು ಎಂದರೆ, "ಏನೂ ಆಗಲ್ಲ, ನೀರು ಹಾಕ್ಕೊಳ್ಳಿ." ನೀರು ಬರುತ್ತಿಲ್ಲ ಎಂದರೆ, "ಏನೂ ಆಗಲ್ಲ, ನಾಳೆ ಬರುತ್ತೆ." ಒಳ್ಳೆಯ ಬಟ್ಟೆ, ಒಳ್ಳೆಯ ಮಾತು, ಮುಖದ ಮೇಲೆ ಸದಾ ಒಂದು ನಗು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಗುವವನಿಗೆ ಏನು ಮಾಡುವುದು?

ಕ್ಯಾಂಟೀನಿನ ವಿಷಯದಲ್ಲೂ ನಗುತ್ತಲೇ ಹೇಳಿದರು. ಹಿಟ್ಟಿನ ಹೆಂಗಸರು ಕೂತು ಎದ್ದ ಕುರ್ಚಿಯಲ್ಲಿ ಬಿಳಿ ಗುರುತು ಬೀಳುತ್ತದಂತೆ. ಆಫೀಸಿನವರ ಪ್ಯಾಂಟು ಹಾಳಾಗುತ್ತದಂತೆ. ಸಾರಿನಲ್ಲಿ ಪುಡಿ ತೇಲುತ್ತದಂತೆ. "ನಿಮಗೆ ಅಂಗಳದಲ್ಲಿ ಬೆಂಚು ಹಾಕಿಸ್ತೀನಿ, ಗಾಳಿ ಬೆಳಕು ಎಲ್ಲ ಚೆನ್ನಾಗಿರುತ್ತೆ" ಎಂದರು. ಬೆಂಚು ಬಂತು. ಬೆಳಕೂ ಬಂತು. ಅಂಗಳದಲ್ಲಿ ಒಂದು ಗಿಡ ಇರಲಿಲ್ಲ, ಒಂದು ತಗಡಿನ ಮರೆ ಇರಲಿಲ್ಲ. ನಡುನೆತ್ತಿಯ ಬಿಸಿಲು. ಅದರಲ್ಲಿ ನಾವು ಬೆಳ್ಳಗೆ ಸಾಲಾಗಿ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಊಟಕ್ಕೆ ಮುಂಚೆ ಮೈಕೈ ತೊಳೆಯೋಣವೆಂದರೆ ನಲ್ಲಿಗೆ ಬೀಗ. ಬೆರಳ ತುದಿ ನೆನೆಸಲು ಒಂದು ತಂಬಿಗೆ ನೀರು ಮಾತ್ರ. ಮೇಸ್ತ್ರಿ ಕೇಳಿದ್ದ, "ಊಟ ಆದ್ಮೇಲೆ ಮತ್ತೆ ಬೆಳ್ಳಗಾಗೋದೇ ತಾನೇ? ಈಗ್ಯಾಕೆ ತೊಳ್ಕೋತೀರಾ?" ಅವನ ತರ್ಕಕ್ಕೆ ಅತ್ತೆ ಕೊಟ್ಟ ಉತ್ತರ ಬರೆಯಲು ನನಗೆ ನಾಚಿಕೆಯಾಗುತ್ತದೆ. ನಾಳೆ ಮತ್ತೆ ಹೋಗುವ ಜಾಗ ಯಾವುದು, ಅಲ್ಲಿಂದ ಬಂದು ಇವತ್ತು ಅವನು ತೊಳೆದುಕೊಳ್ಳುತ್ತಾನೋ ಇಲ್ಲವೋ ಎಂಬ ಬಗ್ಗೆ ಅದು.

ಇನ್ನು ಮೀನಿನ ವಿಷಯ.

ಸಾಹೇಬರ ಕೋಣೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ. ಅದರಲ್ಲಿ ಕಿತ್ತಳೆ ಬಣ್ಣದ ಮೀನುಗಳು. ಟೈಲ್ಸ್ ಕೊಳ್ಳುವವರು ಬಂದಾಗಲೆಲ್ಲ ಸಾಹೇಬರು ಒಂದು ಆಟ ತೋರಿಸುತ್ತಿದ್ದರು. ಬರಿಗೈಯಲ್ಲಿ ಒಂದು ಚಿಟಿಕೆ ಹಿಟ್ಟು ತೆಗೆದುಕೊಂಡು ತೊಟ್ಟಿಗೆ ಉದುರಿಸುವುದು. ನೀರು ತೆಳ್ಳಗೆ ಮಂಜಾಗುತ್ತಿತ್ತು. ಮೀನುಗಳು ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದವು. "ನೋಡಿ, ಇಷ್ಟು ಸೂಕ್ಷ್ಮ ಜೀವಕ್ಕೇ ಏನೂ ಆಗಲ್ಲ" ಎನ್ನುತ್ತಿದ್ದರು. ಬಂದವರು ತಲೆದೂಗುತ್ತಿದ್ದರು. ಅವರು ಆ ಕಡೆ ಹೋದದ್ದೇ ತಡ, ಶೆಡ್ಡಿಗೆ ಹೇಳಿಕಳಿಸುತ್ತಿದ್ದರು. ನಾನು ಕೈ ಒರೆಸಿಕೊಂಡು ಓಡಬೇಕು, ತೊಟ್ಟಿಯ ನೀರು ಪೂರ್ತಿ ಬದಲಾಯಿಸಬೇಕು. ಅದಕ್ಕೆ ಅಂಗಳದ ನಲ್ಲಿ ನೀರು ಆಗದು. ಸೋಸಿದ ನೀರಿನ ಕ್ಯಾನುಗಳು ಅಲ್ಲೇ ಮೂಲೆಯಲ್ಲಿ ಇರುತ್ತಿದ್ದವು. ಅವುಗಳಿಗೆ ಬೀಗ ಇರಲಿಲ್ಲ.

ಆ ಕೆಲಸಕ್ಕೆ ಒಂದು ಕಾನೂನಿತ್ತು. ಕಿಟಕಿಗೆ ದಪ್ಪನೆಯ ಕರ್ಟನ್ ಎಳೆದಿರುತ್ತಿತ್ತು. ನೀರು ಬದಲಾಗುವ ತನಕ ಅದನ್ನು ಮುಟ್ಟಕೂಡದು. "ಮೊದಲು ನೀರು, ಆಮೇಲೆ ಕರ್ಟನ್" ಎಂದು ಸಾಹೇಬರು ಪ್ರತಿ ಸಲವೂ ಬಾಯಿಪಾಠ ಮಾಡಿಸುತ್ತಿದ್ದರು. ಅದಕ್ಕೊಂದು ಹಿನ್ನೆಲೆ ಇತ್ತು. ಮೊದಲಿದ್ದ ಮೀನುಗಳು ಬೇರೆ. ಬಂದವರ ಪೈಕಿ ಯಾರೋ ಫೋಟೋಗೆ ಬೆಳಕು ಸಾಲದೆಂದು ಕರ್ಟನ್ ಸರಿಸಿದ್ದರಂತೆ. ಸಾಹೇಬರು ಅವರನ್ನು ಊಟಕ್ಕೆ ಕರೆದುಕೊಂಡು ಹೋದವರು ಹಾಗೇ ಮನೆಗೆ ಹೋಗಿದ್ದಾರೆ. ಮರುದಿನ ರಜೆ. ಹಿಟ್ಟಿನ ನೀರಿನ ಮೇಲೆ ಬಿಸಿಲು ಬಿದ್ದೇ ಇತ್ತು. ರಜೆ ಮುಗಿಸಿ ಬಂದು ನೋಡಿದರೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿವೆ. ಅವುಗಳನ್ನು ಹೂತವಳು ನಾನೇ. ಸಾಹೇಬರು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಅರ್ಧ ದಿನ ರಜೆ ಹಾಕಿ ಮನೆಗೆ ಹೋದರು. ಶೆಡ್ಡಿನಲ್ಲೊಬ್ಬಳ ಅಪ್ಪ ತೀರಿಕೊಂಡಾಗ ಇದೇ ಸಾಹೇಬರು, "ಇವತ್ತೊಂದು ದಿನ ಮುಗಿಸಿ ಹೋಗಮ್ಮ, ಏನೂ ಆಗಲ್ಲ" ಎಂದಿದ್ದರು.

ನಾನು ಕಾನೂನನ್ನು ಪಾಲಿಸುತ್ತಿದ್ದೆ. ಯಾಕೆಂದು ತಲೆ ಕೆಡಿಸಿಕೊಂಡಿರಲಿಲ್ಲ. ದೊಡ್ಡವರ ಮೀನು, ದೊಡ್ಡವರ ಚೋದ್ಯ ಎಂದುಕೊಂಡಿದ್ದೆ.

ಅತ್ತೆಯ ಕೈ ಮೊದಲು ಬರೀ ಕೆಂಪಾಯಿತು. ಆಮೇಲೆ ಉರಿ. ಕುಯ್ದ ಗಾಯಗಳು ಒಣಗುವುದನ್ನೇ ಬಿಟ್ಟವು. ಸಿಪ್ಪೆ ಏಳತೊಡಗಿತು. ಕತ್ತಿನ ಹಿಂಬದಿ ಕೂಡ. ತೋಳಿನ ಮೇಲೆ ಬಟ್ಟೆ ಮುಚ್ಚಿದ ಕಡೆ ಚರ್ಮ ಚೆನ್ನಾಗಿಯೇ ಇತ್ತು. ಬೆರಳಿನ ಉಂಗುರ ಸರಿಸಿದರೆ ಅದರ ಅಡಿಯಲ್ಲೂ ನುಣ್ಣಗೆ. ಶೆಡ್ಡಿನ ಉಳಿದವರ ಕೈಯೂ ಅಷ್ಟಕ್ಕಷ್ಟೇ. ಆದರೆ ಅತ್ತೆ ಎಲ್ಲರಿಗಿಂತ ಹಳಬರು. ರಾತ್ರಿ ಉರಿ ತಾಳಲಾರದೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದರು. ನಾನು ಅನ್ನ ಕಲಸಿ ತಿನ್ನಿಸಲು ಹೋದರೆ, "ಉಪ್ಪು ಜಾಸ್ತಿ" ಎನ್ನುತ್ತಿದ್ದರು. ಉಪ್ಪು ಸರಿಯಾಗಿತ್ತು. ಕಣ್ಣೀರು ಬಾಯಿಗೆ ಇಳಿಯುತ್ತಿತ್ತು.

ಕಂಪನಿಗೆ ಆಗಾಗ ಬರುವ ಡಾಕ್ಟರ ಬಳಿ ಹೋದೆವು.

"ಕೈ ಚಾಚಿ" ಎಂದರು. ಅತ್ತೆ ಚಾಚಿದರು. ಡಾಕ್ಟರು ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಇನ್ನೂ ಚಾಚಿ" ಎಂದರು. ಅತ್ತೆ ಮುಂದಕ್ಕೆ ಬಾಗಿದರು. ಕುರ್ಚಿ ಇನ್ನೂ ಹಿಂದೆ ಹೋಗಿ ಗೋಡೆಗೆ ತಾಗಿತು.

"ಮನೇಲಿ ಯಾವ ಸೋಪು?"

"ನನ್ನ ಸೊಸೆ ತಂದಿದ್ದು" ಎಂದರು ಅತ್ತೆ. ಅದು ಉತ್ತರವೇ ಅಲ್ಲ. ಅಭ್ಯಾಸ.

"ಅದೇ ಮತ್ತೆ!" ಎಂದು ಡಾಕ್ಟರು ಮೇಜು ತಟ್ಟಿದರು. "ಸೋಪಿನ ಅಲರ್ಜಿ. ಸೋಪು ಬದಲಾಯಿಸಿ."

ನಾನು ಅದೇ ಸೋಪು ಹಾಕುತ್ತೇನೆ, ನನ್ನ ಗಂಡನೂ ಹಾಕುತ್ತಾನೆ, ವ್ಯಾನು ಓಡಿಸುವ ಅವನ ಕೈಯಲ್ಲಿ ಒಂದು ಗೀರೂ ಇಲ್ಲ ಎಂದೆ. ಡಾಕ್ಟರು ಮುಂದಿನವರನ್ನು ಕರೆದರು. ಅತ್ತೆ ಉಂಗುರ ಸರಿಸಿ ತೋರಿಸಲು ಹೋದರು. ನೋಡುವವರು ಯಾರು?

ಹೊರಗೆ ಬಂದ ಮೇಲೆ ನಾನು ಅತ್ತೆಯ ಮಾತಿಗಾಗಿ ಕಾದೆ. ಇಷ್ಟು ವರ್ಷ ಹೇಳಿದ್ದಕ್ಕೆ ಡಾಕ್ಟರ ಸಾಕ್ಷಿಯೇ ಸಿಕ್ಕಿದೆ, ಊರೆಲ್ಲ ಡಂಗುರ ಸಾರುತ್ತಾರೆ ಎಂದುಕೊಂಡೆ. ಅತ್ತೆ ಏನೂ ಹೇಳಲಿಲ್ಲ. ಬಸ್ಸಿನಲ್ಲೂ ಹೇಳಲಿಲ್ಲ. ನನಗೆ ಭಯವಾಯಿತು.

ಸಾಹೇಬರ ಕೋಣೆಯ ಪಕ್ಕದಲ್ಲೇ ಲ್ಯಾಬು. ಅಲ್ಲೊಬ್ಬಳು ಹುಡುಗಿ, ಓದಿಕೊಂಡವಳು, ಮೆತ್ತಗೆ ಮಾತಾಡುವವಳು. ಮೀನಿನ ಕೆಲಸ ಮುಗಿಸಿದ ಮೇಲೆ ಅವಳ ಕಸವನ್ನೂ ನಾನೇ ಒಯ್ಯುತ್ತಿದ್ದೆ. ಅವತ್ತು ಹೋದಾಗ ಮೇಜಿನ ಮೇಲೆ ಸಣ್ಣ ಸಣ್ಣ ಗಾಜಿನ ತಟ್ಟೆಗಳು. ಕೆಲವಕ್ಕೆ ಬೆಳ್ಳಿ ಬಣ್ಣದ ಹಾಳೆ ಸುತ್ತಿದ್ದಳು. ಕೆಲವನ್ನು ನೇರಳೆ ದೀಪದ ಕೆಳಗೆ ಇಟ್ಟಿದ್ದಳು.

"ಏನಮ್ಮ ಇದು, ಇವಕ್ಕೆ ಮಾತ್ರ ಹೊದಿಕೆ?" ಎಂದೆ.

"ಇದರಲ್ಲಿ ಜೀವಕೋಶ ಇದೆ ಅಕ್ಕ. ಮನುಷ್ಯರ ಚರ್ಮದ್ದು."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಯಾರ ಚರ್ಮ?"

"ಯಾರದ್ದೋ. ಹಿಂದೆ ಯಾವಾಗಲೋ ತೆಗೆದಿದ್ದು. ಬೆಳೆಸ್ತಾ ಬಂದಿದ್ದಾರೆ. ಬೆಚ್ಚಗಿನ ಪೆಟ್ಟಿಗೇಲಿ ಇಟ್ಟು ಹೊತ್ತು ಹೊತ್ತಿಗೆ ಆಹಾರ ಕೊಡಬೇಕು."

"ಹೊತ್ತು ಹೊತ್ತಿಗೆ! ಪುಣ್ಯವಂತರು" ಎಂದೆ.

ಅವಳು ನಗಲಿಲ್ಲ. ಎರಡು ತಟ್ಟೆಗಳನ್ನು, ಸಣ್ಣದನ್ನು ದೊಡ್ಡದಾಗಿ ತೋರಿಸುವ ತನ್ನ ಯಂತ್ರದ ಕೆಳಗಿಟ್ಟು ನನಗೆ ತೋರಿಸಿದಳು. ಹಾಳೆ ಸುತ್ತಿದ್ದ ತಟ್ಟೆಯಲ್ಲಿ ಒತ್ತೊತ್ತಾಗಿ ಏನೋ ಹಬ್ಬಿತ್ತು, ಗೋಡೆಗೆ ಜೋಡಿಸಿದ ಟೈಲ್ಸಿನ ಹಾಗೆ. ದೀಪದ ಕೆಳಗಿದ್ದ ತಟ್ಟೆಯಲ್ಲಿ ಅವೇ ಮುದುಡಿ, ಒಡೆದು, ಚೆಲ್ಲಾಪಿಲ್ಲಿಯಾಗಿದ್ದವು.

"ಎರಡಕ್ಕೂ ಹಾಕಿದ್ದು ನಿಮ್ಮ ಹಿಟ್ಟೇ ಅಕ್ಕ, ಒಂದೇ ಅಳತೆ. ಹಿಟ್ಟು ಹಾಕದೆ ಬರೀ ದೀಪದ ಕೆಳಗಿಟ್ಟ ತಟ್ಟೆಗೆ ಇಷ್ಟು ಆಗಲಿಲ್ಲ, ಅದನ್ನೂ ನೋಡಿದೆ. ಕತ್ತಲಲ್ಲಿ ಈ ಹಿಟ್ಟು ಮಲಗಿರುತ್ತೆ. ಬಿಸಿಲಲ್ಲಿ ನೇರಳಾತೀತ ಕಿರಣ ಅಂತ ಇರುತ್ತಲ್ಲ, ಅದು ಬಿತ್ತು ಅಂದ್ರೆ ಎದ್ದು ಕೂರುತ್ತೆ. ಪಕ್ಕದಲ್ಲಿರೋ ನೀರು, ಗಾಳಿ ಎರಡನ್ನೂ ಕೆಣಕುತ್ತೆ. ಆಗ ಹುಟ್ಟೋ ಆಮ್ಲಜನಕ ನಾವು ಉಸಿರಾಡೋ ಅಂಥ ಸಾಧು ಅಲ್ಲ. ಸಿಕ್ಕಿದ್ದನ್ನ ಕಚ್ಚುತ್ತೆ. ಕೊಳೆ ಸಿಕ್ಕಿದ್ರೆ ಕೊಳೆ. ಜೀವಕೋಶ ಸಿಕ್ಕಿದ್ರೆ ಜೀವಕೋಶ. ಅದಕ್ಕೆ ಭೇದ ಗೊತ್ತಿಲ್ಲ."

"ನಮ್ಮ ಕೈಯನ್ನೂ?"

ಅವಳು ಬಾಗಿಲ ಕಡೆ ನೋಡಿದಳು. "ಗಟ್ಟಿ ಚರ್ಮದೊಳಗೆ ಅಷ್ಟು ಸುಲಭಕ್ಕೆ ಹೋಗಲ್ಲ ಅಂತಾರೆ. ಆದ್ರೆ ನಿಮ್ಮ ಕೈ ಗಟ್ಟಿ ಎಲ್ಲಿದೆ ಅಕ್ಕ? ಮೈಯೆಲ್ಲ ಗಾಯ. ಅದರ ಮೇಲೆ ಹಿಟ್ಟು. ಅದರ ಮೇಲೆ ಬಿಸಿಲು. ನಾನು ಸಾಹೇಬರಿಗೆ ಹೇಳಿದೆ. ತಟ್ಟೇನೂ ತೋರಿಸಿದೆ."

"ಏನಂದ್ರು?"

ಇಬ್ಬರೂ ಒಟ್ಟಿಗೇ ಹೇಳಿದೆವು: "ಏನೂ ಆಗಲ್ಲ."

ಕಸದ ಚೀಲ ಕೈಯಲ್ಲಿ ಹಿಡಿದು ಹೊರಗೆ ಬರುವಾಗ ಆ ಬಾಯಿಪಾಠ ನೆನಪಾಯಿತು. ಮೊದಲು ನೀರು, ಆಮೇಲೆ ಕರ್ಟನ್. ಅದು ಚೋದ್ಯವಲ್ಲ. ಸಾಹೇಬರಿಗೆ ಗೊತ್ತಿತ್ತು. ಮೀನು ಸತ್ತ ದಿನದಿಂದ ಗೊತ್ತಿತ್ತು. ಮೀನಿಗೆ ಕಾನೂನು ಮಾಡಿದರು. ನಮಗೆ ಬೆಂಚು ಹಾಕಿಸಿದರು.

ಅಷ್ಟರಲ್ಲಿ ಸುದ್ದಿ ಬಂತು. ಆಸ್ಪತ್ರೆಯೊಂದಕ್ಕೆ ಗೋಡೆ ಪೂರ್ತಿ ಟೈಲ್ಸ್ ಬೇಕಂತೆ. ಕೊಳ್ಳುವವರು ನೋಡಲು ಬರುತ್ತಾರಂತೆ. ಇಲ್ಲಿನ ಹೆಂಗಸರ ಕೈಯ ವಿಷಯ ಅವರ ಕಿವಿಗೆ ಬಿದ್ದಿದೆಯಂತೆ. ಸಾಹೇಬರು ಅತ್ತೆಯನ್ನು ಕರೆಸಿದರು. ನಾನೂ ಹಿಂದೆ ಹೋದೆ.

"ನೋಡಮ್ಮ" ಎಂದರು, ಮೀನಿಗೆ ಕಾಳು ಹಾಕುತ್ತಾ. "ಹೀಗೆ ಕೈ ಇಟ್ಕೊಂಡು ಕೆಲಸ ಮಾಡಿದ್ರೆ ನೋಡಿದವರು ಏನಂದ್ಕೋತಾರೆ? ಅಂಟುರೋಗ ಅಂತ ನಿಮ್ಮನ್ನ ತೆಗೀಬೇಕಾಗುತ್ತೆ. ನನಗೆ ಅದು ಇಷ್ಟ ಇಲ್ಲ. ಡಾಕ್ಟರು ಹೇಳಿದ್ದಾರಲ್ಲ, ಸೋಪಿಂದ ಅಂತ. ಬಂದವರು ಕೇಳಿದ್ರೆ ನೀವೂ ಅಷ್ಟೇ ಹೇಳಿ. ಸೊಸೆ ತಂದ ಸೋಪು ಆಗಲಿಲ್ಲ ಅಂತ. ಒಂದೇ ಮಾತು. ಕೆಲಸ ನಿಮ್ಮದೇ."

ಅತ್ತೆ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

ಮನೆಯಲ್ಲಿ ನನ್ನ ಗಂಡ ಕೇಳಿಸಿಕೊಂಡು ನೆಮ್ಮದಿಯಾಗಿ ಕಾಲು ಚಾಚಿದ. "ಇಷ್ಟೇನಾ? ದಿನಾ ಹೇಳ್ತೀಯಲ್ಲಮ್ಮ ಅವಳಿಗೆ. ಇನ್ನೊಂದ್ಸಲ ಹೇಳ್ಬಿಡು. ಅಭ್ಯಾಸ ಇದೆ ನಿಂಗೆ."

"ನೀನು ಬಾಯಿ ಮುಚ್ಚು" ಎಂದರು ಅತ್ತೆ. ಅವನಿಗೆ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಳಗೊಳಗೇ ಕೇಕೆ ಹಾಕಿದೆ.

ಅವನು ಮಲಗಲು ಹೋದ ಮೇಲೆ ನಾನು ತಟ್ಟೆಯ ವಿಷಯ, ದೀಪದ ವಿಷಯ, ಕರ್ಟನ್ನಿನ ವಿಷಯ ಎಲ್ಲ ಹೇಳಿದೆ. ಅತ್ತೆ ಒದ್ದೆ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಕೊನೆಗೆ, "ಇಷ್ಟು ದಿನ ಆ ಮೀನಿನ ಕೆಲಸ ಮಾಡ್ತಿದ್ದೀಯ, ಇದನ್ನ ಈಗ ಹೇಳ್ತಿದ್ದೀಯಾ?" ಎಂದು ಬೈದರು. ಕೆಲಸ ಹೋದರೆ ಮನೆ ನಡೆಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಸೋಪು ಎಂದುಬಿಡಿ ಅತ್ತೆ ಎಂದು ನಾಲಿಗೆ ತುದಿಗೆ ಬಂದಿತ್ತು. ಆಡಲಿಲ್ಲ.

ಬಂದವರು ನಾಲ್ಕಾರು ಮಂದಿ. ಅವರ ಪೈಕಿ ಒಬ್ಬ ಹೆಂಗಸು, ದಪ್ಪ ಕನ್ನಡಕ, ಕಡಿಮೆ ಮಾತು. ಸಾಹೇಬರು ಹೊಸ ಕೋಟು ಹಾಕಿದ್ದರು. ನಾನು ಕ್ಯಾನುಗಳ ಪಕ್ಕ ಬಕೆಟ್ಟು ಹಿಡಿದು ನಿಂತಿದ್ದೆ. ಅತ್ತೆಯನ್ನು ಬಾಗಿಲ ಬಳಿ ನಿಲ್ಲಿಸಿದ್ದರು. ಆಟ ಶುರುವಾಯಿತು. ಬರಿಗೈಯಲ್ಲಿ ಹಿಟ್ಟು ತೆಗೆದು, ಅಂಗೈಯಲ್ಲಿ ಉಜ್ಜಿ ತೋರಿಸಿ, ಧಾರಾಳವಾಗಿ ತೊಟ್ಟಿಗೆ ಉದುರಿಸಿದರು. ಅವತ್ತು ಚಿಟಿಕೆಯಲ್ಲ, ಹಿಡಿಗಟ್ಟಲೆ, ಆಸ್ಪತ್ರೆಯ ಆರ್ಡರಿಗೆ ತಕ್ಕ ಹಾಗೆ. ನೀರು ಮಂಜಾಯಿತು. ಮೀನು ಓಡಾಡಿದವು. ಬಂದವರು ತಲೆದೂಗಿದರು.

ಕನ್ನಡಕದ ಹೆಂಗಸು ಮಾತ್ರ ಅತ್ತೆಯ ಕಡೆ ತಿರುಗಿದಳು. "ಅಮ್ಮ, ನಿಮ್ಮ ಕೈಗೆ ಏನಾಗಿದೆ?"

ಸಾಹೇಬರ ನಗು ಇನ್ನಷ್ಟು ಅಗಲವಾಯಿತು. "ಹೇಳಿ ಅಮ್ಮ, ಸಂಕೋಚ ಬೇಡ."

ಅತ್ತೆ ಕೋಣೆಯೊಳಗೆ ಬಂದರು. ಬಿಳಿ ಹೆಜ್ಜೆಗಳು ನೆಲದ ಹಾಸಿನ ಮೇಲೆ ಮೂಡಿದವು. ನೇರವಾಗಿ ಕಿಟಕಿಗೆ ಹೋಗಿ ಕರ್ಟನ್ ಹಿಡಿದರು.

"ಅದನ್ಯಾಕೆ... ಅಮ್ಮ, ಕರ್ಟನ್ ಬಿಡಿ."

"ಕತ್ತಲಲ್ಲಿ ಇವರಿಗೆ ನನ್ನ ಕೈ ಕಾಣಲ್ಲ ಸಾಹೇಬ್ರೇ" ಎಂದು ಅತ್ತೆ ಒಂದೇ ಸಲ ಎಳೆದರು.

ಬಿಸಿಲು ನೇರವಾಗಿ ತೊಟ್ಟಿಯ ಮೇಲೆ ಬಿತ್ತು. ಸಾಹೇಬರು ಕೂಗಿಕೊಂಡ ರೀತಿಗೆ ಬಂದವರಲ್ಲಿ ಒಬ್ಬ ಕುರ್ಚಿಯಿಂದ ಎದ್ದುಬಿಟ್ಟ. ಹೊಸ ಕೋಟು ಬಿಚ್ಚಿ ತೊಟ್ಟಿಯ ಮೇಲೆ ಎಸೆದರು. ಅದು ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಜಾರಿತು. ಕೊನೆಗೆ ತೊಟ್ಟಿಯನ್ನೇ ಎರಡೂ ಕೈಯಿಂದ ತಬ್ಬಿ, ಬಿಸಿಲಿಗೆ ಬೆನ್ನು ಕೊಟ್ಟು ಬಗ್ಗಿ ನಿಂತರು. ನೀರು ತುಳುಕಿ ಅಂಗಿಯೆಲ್ಲ ಬೆಳ್ಳಗಾಯಿತು.

"ಮುಚ್ಚಿ! ಮೊದ್ಲು ಮುಚ್ಚಿ! ಸತ್ತೋಗ್ತವೆ ಕಣ್ರೀ!"

"ಯಾಕೆ ಸಾಯ್ತವೆ?" ಎಂದರು ಅತ್ತೆ. "ನೀರಲ್ಲಿರೋದು ಹಿಟ್ಟು. ಹೊರಗಿರೋದು ಬಿಸಿಲು. ಏನೂ ಆಗಲ್ಲ ಬಿಡಿ."

"ಎರಡೂ ಸೇರಬಾರದಮ್ಮಾ!"

ಹೇಳಿ ನಾಲಿಗೆ ಕಚ್ಚಿಕೊಂಡರು. ಆದರೆ ಮಾತು ಆಗಲೇ ಕೋಣೆಯ ತುಂಬ ಇತ್ತು. ಟೈಲ್ಸ್ ಮುಟ್ಟಿ ನೋಡಿದ್ದ ಒಬ್ಬ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕನ್ನಡಕದ ಹೆಂಗಸು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಲ್ಲಿ ಅಂಗಳದಲ್ಲಿ, ಬೆಂಚಿನ ಮೇಲೆ, ಉರಿಬಿಸಿಲಲ್ಲಿ, ನಮ್ಮವರು ಸಾಲಾಗಿ ಕೂತು ಉಣ್ಣುತ್ತಿದ್ದರು. ತಲೆಯಿಂದ ಕಾಲಿನ ತನಕ ಹಿಟ್ಟು.

"ಅವರೆಲ್ಲ ಯಾಕೆ ಹೊರಗೆ ಕೂತಿದ್ದಾರೆ?" ಎಂದು ಕೇಳಿದಳು.

ಸಾಹೇಬರು ಮೀನನ್ನು ತಬ್ಬಿಕೊಂಡೇ ಇದ್ದರು.

"ನಮ್ಮಿಂದ ಕ್ಯಾಂಟೀನಿನ ಕುರ್ಚಿ ಕೊಳೆಯಾಗುತ್ತೆ" ಎಂದರು ಅತ್ತೆ. ಆಮೇಲೆ ಎರಡೂ ಕೈಗಳನ್ನು ಬೆಳಕಿಗೆ ಹಿಡಿದರು. ಉಂಗುರ ಸರಿಸಿದರು. ಬಿರಿದ ಕೆಂಪಿನ ನಡುವೆ ನುಣುಪಾದ ಒಂದು ಸುತ್ತು. "ನೋಡಿ ತಾಯಿ. ಈ ಕೈಯಲ್ಲಿ ಹಿಟ್ಟು, ಬಿಸಿಲು ಎರಡೂ ಮುಟ್ಟದ ಜಾಗ ಇದೊಂದೇ. ಸೋಪು ಇಲ್ಲಿಗೂ ಹೋಗುತ್ತೆ. ನನ್ನ ಸೊಸೆ ತಂದ ಸೋಪು ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ. ನೊರೆ ಬರಲ್ಲ, ಗಬ್ಬು ವಾಸನೆ ಬೇರೆ. ಅದನ್ನ ನಾನು ಮನೇಲಿ ವಿಚಾರಿಸ್ಕೋತೀನಿ. ಆದ್ರೆ ಈ ಕೈಗೆ ಅವಳು ಕಾರಣ ಅಲ್ಲ. ಕೆಲಸ ಉಳಿಸ್ಕೊಳ್ಳೋಕೆ ಸುಳ್ಳು ಹೇಳು ಅಂದ್ರು. ಹೇಳಲ್ಲ. ತೆಗೆದು ಹಾಕ್ತೀನಿ ಅಂದ್ರೆ ಹಾಕಲಿ."

ಮದುವೆಯಾಗಿ ಬಂದ ಮೇಲೆ ನಾನು ಕಾರಣವಲ್ಲದ ಮೊದಲ ಸಂಗತಿ ಅದು.

"ಸಾಹೇಬ್ರೇ, ಆ ಕೋಟು ಎಷ್ಟು ಬೇಗ ಬಿಚ್ಚಿದ್ರಿ!" ಎಂದರು ಅತ್ತೆ. "ನಾವು ಅಲ್ಲಿ ಕೂತು ಉಣ್ಣೋವಾಗ ನಮ್ಮ ಮೇಲೆ ಒಂದು ಗೋಣಿಚೀಲ ಹಾಕ್ಬೇಕು ಅಂತ ನಿಮಗೆ ಅನ್ನಿಸ್ಲಿಲ್ವಲ್ಲ."

ಸಾಹೇಬರ ಬಳಿ ಇದ್ದ ಒಂದೇ ಉತ್ತರವನ್ನು ಅತ್ತೆ ಆಗಲೇ ಬಳಸಿಬಿಟ್ಟಿದ್ದರು.

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. "ಬನ್ರೇ ಒಳಗೆ! ಡಬ್ಬಿ ತಗೊಂಡು ಬನ್ನಿ! ಇಲ್ಲಿ ನೆರಳಿದೆ!"

ಮೊದಲು ಯಾರೂ ಏಳಲಿಲ್ಲ. ಆಮೇಲೆ ಅಪ್ಪ ತೀರಿಕೊಂಡಿದ್ದವಳು ಎದ್ದಳು. ಅವಳ ಹಿಂದೆ ಉಳಿದವರು. ಕಾರಿಡಾರಿನ ತುಂಬ ಬಿಳಿ ಹೆಜ್ಜೆ. ಮೇಸ್ತ್ರಿ ಬಾಗಿಲಲ್ಲಿ ಅಡ್ಡ ನಿಂತ. ಅವರು ತನ್ನ ಮೈಗೆ ಉಜ್ಜಿಕೊಂಡೇ ದಾಟುತ್ತಾರೆಂದು ಗೊತ್ತಾದಾಗ ತಾನೇ ಪಕ್ಕಕ್ಕೆ ಹಾರಿದ. ಅವತ್ತು ಅವನು ಹೊಸ ಪ್ಯಾಂಟು ಹಾಕಿದ್ದ.

"ಕ್ಯಾನು ತೆಗಿ" ಎಂದರು ಅತ್ತೆ ನನಗೆ. ಸಾಹೇಬರ ಮುಖಕ್ಕೆ ಜೀವ ಬಂತು. "ಹಾಂ, ಬೇಗ ಹಾಕಮ್ಮ, ತೊಟ್ಟಿಗೆ ಹಾಕು" ಎಂದರು. ನಾನು ಕ್ಯಾನು ಎತ್ತಿ ಅತ್ತೆಯ ಕೈಗೆ ಬಗ್ಗಿಸಿದೆ. ಬಕೆಟ್ಟಿಗೆ ಬಿಳಿ ನೀರು ಇಳಿಯಿತು. ಉರಿಗೆ ಅತ್ತೆ ಹಲ್ಲು ಕಚ್ಚಿದರು, ಕೈ ಎಳೆದುಕೊಳ್ಳಲಿಲ್ಲ.

"ಅದು ಮೀನಿನ ನೀರು!"

"ಮೊದಲು ನೀರು, ಆಮೇಲೆ ಕರ್ಟನ್" ಎಂದೆ ನಾನು. ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಬೀಗ ಕಳಚಿತು. "ನೀವೇ ಬಾಯಿಪಾಠ ಮಾಡಿಸಿದ್ದಲ್ವಾ? ಇನ್ನು ಮೇಲೆ ಮೀನಿಗೆ ಏನು ಕಾನೂನೋ ನಮಗೂ ಅದೇ. ಮೊದಲು ನೀರು, ಆಮೇಲೆ ಬಿಸಿಲು. ಊಟ ನೆರಳಲ್ಲಿ. ಕೈಗೆ ಗ್ಲೌಸು. ಅಲ್ಲೀವರೆಗೂ ಹಿಟ್ಟು ಮುಟ್ಟಲ್ಲ."

"ಯಾರೂ ಮುಟ್ಟಲ್ಲ" ಎಂದಳು ಹೊಸದಾಗಿ ಸೇರಿದವಳು, ಬಾಯಿ ತುಂಬ ಅನ್ನ ಇಟ್ಟುಕೊಂಡು.

ಲ್ಯಾಬಿನ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಎರಡು ತಟ್ಟೆಗಳು. ಸಾಹೇಬರ ಕಡೆ ನೋಡದೆ ಸೀದಾ ಕನ್ನಡಕದ ಹೆಂಗಸಿನ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು.

ನಮ್ಮವರು ಸಾಲಾಗಿ ನಿಂತು ತೊಳೆದುಕೊಂಡರು. ಕೈ, ಮುಖ, ಕತ್ತಿನ ಹಿಂಬದಿ. ಒಬ್ಬೊಬ್ಬರಾಗಿ ಮುದುಕಿಯರು ಹೋಗಿ ಹೆಂಗಸರು ಬಂದರು. ತೊಳೆದವರು ಸಾಹೇಬರ ಸೋಫಾದಲ್ಲಿ ಕೂತು ಡಬ್ಬಿ ಬಿಚ್ಚಿದರು. ಕ್ಯಾನುಗಳು ಖಾಲಿಯಾಗುತ್ತಾ ಬಂದವು.

"ನನ್ನ ಮೀನಿಗೆ?" ಎಂದರು ಸಾಹೇಬರು. ದನಿ ಚಿಕ್ಕ ಮಗುವಿನದಾಗಿತ್ತು.

ಅತ್ತೆ ಕರ್ಟನ್ ಮುಚ್ಚಿದರು. ಮೀನಿನ ಮೇಲೆ ಅವರಿಗೆ ಯಾವ ಸಿಟ್ಟೂ ಇರಲಿಲ್ಲ. "ಅಂಗಳದಲ್ಲಿ ನಲ್ಲಿ ಇದೆಯಲ್ಲ, ಬೀಗದ ಕೈ ನಿಮ್ಮ ಹತ್ರಾನೇ ಇದೆ. ನೀವೇ ಹೋಗಿ ತಗೊಂಡ್ಬನ್ನಿ. ಸ್ವಲ್ಪ ಬಿಸಿಲಿದೆ ಅಷ್ಟೇ. ಏನೂ ಆಗಲ್ಲ."

ಸಾಹೇಬರು ಖಾಲಿಯಾದ ಒಂದು ಕ್ಯಾನು ಹಿಡಿದು ಓಡಿದರು. ಹೊರಬಾಗಿಲ ತನಕ ಓಡಿದರು. ಅಲ್ಲಿ ಹೊಸ್ತಿಲಾಚೆ ಬಿಸಿಲು ಬಿದ್ದಿತ್ತು. ನಿಂತರು. ತಮ್ಮ ಕೈ ನೋಡಿಕೊಂಡರು. ಬೆಳ್ಳಗಿತ್ತು. ಅಂಗಿ ನೋಡಿಕೊಂಡರು. ಬಿಸಿಲು ನೋಡಿದರು. ಮತ್ತೆ ಕೈ ನೋಡಿಕೊಂಡರು. ಆಮೇಲೆ ಮೆಲ್ಲಗೆ, ಯಾರ ಮುಖವನ್ನೂ ನೋಡದೆ, ವಾಪಸು ಬಂದು ನಮ್ಮ ಸಾಲಿನ ಕೊನೆಯಲ್ಲಿ ನಿಂತರು.

ಯಾರೂ ನಗಲಿಲ್ಲ. ನಗು ತಡೆದುಕೊಳ್ಳಲು ಪಟ್ಟ ಪಾಡು ನಮಗೇ ಗೊತ್ತು. ಅತ್ತೆ ಖಾಲಿಯಾಗುತ್ತಿದ್ದ ಕೊನೆಯ ಕ್ಯಾನು ನೋಡಿದರು, ಸಾಲು ನೋಡಿದರು, ನನ್ನ ಕಡೆ ತಿರುಗಿದರು.

"ಇನ್ನೊಂದು ಕ್ಯಾನು ತಂದಿಟ್ಟಿರಬಾರದಾಗಿತ್ತಾ? ಎಲ್ಲದಕ್ಕೂ ಹೇಳೇ ಕೊಡಬೇಕು ನಿನಗೆ" ಎಂದರು.